ಗುಣವಾಗಬೇಕಾಗಿದ್ದವಳು

ಕಾಯಿಲೆ ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗಲೆಲ್ಲ ನಾನು ತಡವರಿಸಿದ್ದೇನೆ. ಶುರುವಾದದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದ ದಿನ ಮಾತ್ರ ನೆನಪಿದೆ.

ಭದ್ರಾವತಿಯ ಹಳೇನಗರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮಾವನವರ ಕಾಲದ್ದು. ನಮ್ಮನೆಯವರು, ಅಂದರೆ ಬಸವರಾಜ್, ಹೊರಗಿನ ಓಡಾಟ ನೋಡಿಕೊಳ್ಳುತ್ತಾರೆ. ಬೀಸುವ ಕಲ್ಲಿನ ಮುಂದೆ ನಿಲ್ಲುವವಳು ನಾನು. ಅವತ್ತು ಬೆಳಿಗ್ಗೆ ನಮ್ಮ ಬೀದಿಯದೇ ಒಬ್ಬ ಹೆಂಗಸು ಗೋಧಿಯ ಡಬ್ಬ ಇಟ್ಟು, ಅರ್ಧ ನುಣ್ಣಗೆ ಮಾಡಿ, ಅರ್ಧ ತರಿ ಮಾಡಿ ಎಂದರು. ವರ್ಷಗಟ್ಟಲೆ ಕೇಳಿದ ಮಾತು. ನಾನು ಡಬ್ಬ ಹಿಡಿದುಕೊಂಡು ನಿಂತೆ. ಮೊದಲು ನುಣ್ಣಗೆ ಹಾಕಬೇಕೋ ತರಿ ಹಾಕಬೇಕೋ ತೀರ್ಮಾನವಾಗಲಿಲ್ಲ. ಮಿಷನ್ ಖಾಲಿ ಓಡುತ್ತಿತ್ತು. ಆಕೆ ಹೆಸರು ಹಿಡಿದು ಕರೆದರಂತೆ, ಭುಜ ಅಲುಗಿಸಿದರಂತೆ. ಕೊನೆಗೆ ನಮ್ಮನೆಯವರು ಓಡಿಬಂದು ನನ್ನ ಕೈಯಿಂದ ಡಬ್ಬ ಬಿಡಿಸಿಕೊಂಡರು. ನಾನು ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತೆ. ಅಳು ಬರಲಿಲ್ಲ. ಅಳು ಬಂದಿದ್ದರೆ ಎಲ್ಲರಿಗೂ ಏನೋ ಒಂದು ಅರ್ಥವಾಗುತ್ತಿತ್ತು.

ಆಮೇಲೆ ಹಿಂದಿರುಗಿ ನೋಡಿದರೆ ಎಷ್ಟೋ ಸಂಗತಿಗಳು ಅದಕ್ಕೂ ಮುಂಚೆಯೇ ಕೈಬಿಟ್ಟು ಹೋಗಿದ್ದವು. ಊಟಕ್ಕೆ ರುಚಿ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅಂಗೈ ಮೇಲಿನ ಲಿಂಗವನ್ನು ನೋಡುತ್ತ ನೋಡುತ್ತ ಮುಂದೇನು ಮಾಡಬೇಕೆಂಬುದೇ ಮರೆತುಹೋಗುತ್ತಿತ್ತು. ಮಗಳು ದೀಪ್ತಿ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಸಂಜೆ ಬಸ್ಸಿಳಿದು ಬಂದು ಅವಳು ಹೇಳುವ ಸುದ್ದಿಗಳು ನನಗೆ ಗೋಡೆಯಾಚೆಯ ಮಾತಿನ ಹಾಗೆ ಕೇಳಿಸುತ್ತಿದ್ದವು. ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಅದು ಹೆದರಬೇಕಾದ ಯೋಚನೆ ಎಂದು ಕೂಡ ತೋಚಿರಲಿಲ್ಲ.

ರಕ್ತ ಕಮ್ಮಿ ಅಂದರು, ಥೈರಾಯ್ಡ್ ಅಂದರು, ವಯಸ್ಸು ಅಂದರು. ಯಾರೋ ದೃಷ್ಟಿ ತೆಗೆಸಿದರು. ಕೊನೆಗೆ ಶಿವಮೊಗ್ಗದ ವಿನೋಬನಗರದಲ್ಲಿರುವ ಒಂದು ಮನೋವೈದ್ಯರ ಕ್ಲಿನಿಕ್ಕಿಗೆ ನಮ್ಮನೆಯವರು ಕರೆದುಕೊಂಡು ಹೋದರು. ಡಾಕ್ಟರು ನಿಧಾನವಾಗಿ ಎಲ್ಲ ಕೇಳಿ ಡಿಪ್ರೆಷನ್ ಎಂದರು. ನನಗೆ ದುಃಖವೇ ಇಲ್ಲವಲ್ಲ ಎಂದೆ. ಅದೂ ಆ ಕಾಯಿಲೆಯೊಳಗೇ ಬರುತ್ತದೆ ಎಂದರು. ನನಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಅರ್ಥವಾಗಿಲ್ಲ.

ಆ ಕ್ಲಿನಿಕ್ಕಿನ ಹೊರಗಿನ ಕೋಣೆಯಲ್ಲಿ ಸದ್ದು ನಿಲ್ಲಿಸಿದ ಟಿವಿ ಒಂದಿತ್ತು. ಒಬ್ಬರ ಮುಖ ಒಬ್ಬರು ನೋಡದೆ ಇರಲು ಎಲ್ಲರೂ ಅದನ್ನೇ ನೋಡುತ್ತಿದ್ದರು. ಒಂದು ದಿನ ನಮ್ಮ ಗಿರಣಿಗೆ ರಾಗಿ ತರುವ ಹಿರಿಯರೊಬ್ಬರು ಎದುರಿನ ಕುರ್ಚಿಯಲ್ಲಿದ್ದರು. ನಾನು ಟಿವಿ ನೋಡಿದೆ, ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಮುಂದಿನ ವಾರ ಅವರು ಎಂದಿನಂತೆ ರಾಗಿ ತಂದರು, ಹಿಟ್ಟು ತೆಗೆದುಕೊಂಡರು, ಹೊರಡುವಾಗ ಡಬ್ಬದ ಮುಚ್ಚಳ ಒತ್ತುತ್ತಾ, “ಮಾತ್ರೆ ಬಿಡ್ಬೇಡಮ್ಮ,” ಎಂದಷ್ಟೇ ಹೇಳಿ ಹೋದರು. ಆ ದಿನವಿಡೀ ಆ ಮಾತು ನನ್ನ ಜೊತೆಗಿತ್ತು.

ಮಾತ್ರೆ ಬಿಡಲಿಲ್ಲ. ಒಂದು ಮಾತ್ರೆ ಹಗಲೆಲ್ಲ ನಿದ್ದೆ ತಂದಿತು. ಅದನ್ನು ಬದಲಿಸಿ ಕೊಟ್ಟದ್ದು ಕೈ ನಡುಗಿಸಿತು. ಮೂರನೆಯದು ಏನೂ ಮಾಡಲಿಲ್ಲ. ಹೀಗೆ ಎರಡು ಯುಗಾದಿ ಕಳೆದವು. ಆಗ ಡಾಕ್ಟರು ಮ್ಯಾಗ್ನೆಟ್ ಚಿಕಿತ್ಸೆಯ ಮಾತೆತ್ತಿದರು.

ಮಿಷನ್ನು, ಮೆದುಳು ಎಂದ ಕೂಡಲೇ ನಮ್ಮನೆಯವರ ಮುಖ ಕಪ್ಪಿಟ್ಟಿತು. ಕರೆಂಟ್ ಕೊಡುವುದಾ ಎಂದು ಕೇಳಿದರು. ಅಲ್ಲ, ಅದು ಬೇರೆ, ಇದು ಬೇರೆ. ಇದರಲ್ಲಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಒರಗಿ ಕೂತಿರುತ್ತೀರಿ, ಹಣೆಯ ಎಡಭಾಗದ ಮೇಲೆ ಒಂದು ಸುರುಳಿ ಇಟ್ಟು ಅಯಸ್ಕಾಂತದ ಬಡಿತ ಕೊಡುತ್ತೇವೆ, ಮುಗಿದ ಮೇಲೆ ಎದ್ದು ಬಸ್ ಹತ್ತಬಹುದು ಎಂದು ಡಾಕ್ಟರು ವಿವರಿಸಿದರು. ಮನೆಗೆ ಬಂದ ಮೇಲೆ ದೀಪ್ತಿ ಫೋನಿನಲ್ಲಿ ಓದಿ ಇನ್ನೊಂದು ರೀತಿ ವಿವರಿಸಿದಳು. ನಮ್ಮನೆಯವರ ಅಕ್ಕ ಸರ್ವಮಂಗಳಕ್ಕ ವಿನೋಬನಗರದಲ್ಲೇ ಇರುವವರು. ಅವರ ಆತಂಕವೇ ಬೇರೆ. ಕಿವಿಯೋಲೆ, ಮೂಗುಬೊಟ್ಟು ತೆಗೆಯಬೇಕು ಎಂದು ಕೇಳಿ, ಹಾಗಾದರೆ ತಾಳಿ ಎಂದು ಫೋನಿನಲ್ಲೇ ಗಾಬರಿಯಾದರು. ಅದನ್ನು ತೆಗೆಯಬೇಕಾಗಿಲ್ಲವಂತೆ ಎಂದ ಮೇಲೆ ಸಮಾಧಾನವಾದರು. ನನಗೆ ಮಾತ್ರ ಯಾವ ಭಯವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಆದ್ದರಿಂದ ಆಗಲಿ ಎಂದೆ.

ಇದರ ಜೊತೆಗೇ ಇನ್ನೊಂದು ಪರೀಕ್ಷೆಯೂ ಬಂತು. ಈ ಚಿಕಿತ್ಸೆ ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. ಯಾರಿಗೆ ಹಿಡಿಯುತ್ತದೆ ಎಂದು ಮೊದಲೇ ಗೊತ್ತಾದರೆ ಎಷ್ಟು ಒಳ್ಳೆಯದು ಎಂದು ಬೇರೆ ಊರಿನ ಕೆಲವು ಸಂಶೋಧಕರು ಒಂದು ಪ್ರಯತ್ನ ಮಾಡುತ್ತಿದ್ದರು. ನಮ್ಮ ಡಾಕ್ಟರು ಅವರ ಜೊತೆ ಸೇರಿದ್ದರು. ತಲೆಗೆ ವೈರುಗಳ ಟೋಪಿ ಹಾಕಿ ಮೆದುಳಿನ ಅಲೆಗಳನ್ನು ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದು ಅಂದಾಜು ಹೇಳುತ್ತದೆ. “ಆ ಅಂದಾಜು ಸರಿಯೋ ತಪ್ಪೋ ನೋಡೋದಕ್ಕೇ ಇದನ್ನ ಮಾಡ್ತಿರೋದು. ಟೋಪಿ ಏನು ಹೇಳಿದ್ರೂ ನಿಮ್ಮ ಚಿಕಿತ್ಸೆ ನಡಿಯುತ್ತೆ,” ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಸ್ಪಷ್ಟವಾಗಿ ಹೇಳಿದ್ದರು ಎಂಬುದನ್ನು ನಾನಿಲ್ಲಿ ಒತ್ತಿ ಬರೆಯಬೇಕು. ಯಾಕೆಂದರೆ ನಾವ್ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಟೋಪಿ ಹಾಕಿದವಳು ರೇಷ್ಮಾ, ಅಲ್ಲಿನ ಟೆಕ್ನಿಷಿಯನ್. ಕೂದಲ ಬುಡಕ್ಕೆ ಅಲ್ಲಲ್ಲಿ ಅಂಟಂಟಾದ ಜೆಲ್ ಹಾಕಿ, ನೋವಾಯಿತಾ ಆಂಟಿ ಎಂದು ಕೇಳುತ್ತ ಕೇಳುತ್ತ ವೈರು ಸಿಕ್ಕಿಸಿದಳು. ಕಣ್ಣು ಮುಚ್ಚಿಕೊಂಡು ಸುಮ್ಮನಿರಿ, ಏನೂ ಯೋಚನೆ ಮಾಡಬೇಡಿ ಎಂದಳು. ನನಗೆ ತಬ್ಬಿಬ್ಬಾಯಿತು. ಎರಡು ವರ್ಷಗಳಿಂದ ಯೋಚನೆ ಮಾಡಲಾಗದೆ ತಾನೇ ನಾನು ಇಲ್ಲಿಗೆ ಬಂದದ್ದು? ಈ ಖಾಲಿತನವನ್ನು ಟೋಪಿ ಒಳ್ಳೆಯದೆಂದು ಬರೆದುಕೊಳ್ಳುತ್ತದೋ ಕೆಟ್ಟದ್ದೆಂದೋ?

ಫಲಿತಾಂಶ ತಿಳಿದುಕೊಳ್ಳಲೇಬೇಕೆಂದಿರಲಿಲ್ಲ. ನಮ್ಮನೆಯವರು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದರು. ಡಾಕ್ಟರು ಪೆನ್ನು ತಿರುಗಿಸುತ್ತ, “ಒಳ್ಳೆ ಕಡೆಗೇ ವಾಲಿದೆ. ಆದ್ರೆ ಇದು ಅಂದಾಜು, ಬಸವರಾಜ್ ಅವ್ರೇ,” ಎಂದರು. ನಮ್ಮನೆಯವರು ಮೊದಲನೆಯ ವಾಕ್ಯವನ್ನು ಎತ್ತಿಕೊಂಡು ಎದ್ದುಬಂದರು. ಬರುವಾಗ ಬೇಕರಿಯಲ್ಲಿ ಜಹಾಂಗೀರ್ ಕಟ್ಟಿಸಿದರು. ರಾತ್ರಿ ಊಟದ ಹೊತ್ತಿಗೆ ನೆಂಟರಿಷ್ಟರಿಗೆಲ್ಲ ಫೋನು ಹೋಗಿತ್ತು: ಮಿಷನ್ನೇ ಹೇಳಿದೆ, ಇವಳಿಗೆ ಗುಣವಾಗುತ್ತದೆ.

ಅವರನ್ನು ದೂರುವುದಿಲ್ಲ. ಎರಡು ವರ್ಷ ಅವರು ಹೊರಗೆ ಗಿರಣಿ, ಒಳಗೆ ಒಲೆ, ಎರಡನ್ನೂ ನೋಡಿಕೊಂಡಿದ್ದರು. ಒಂದು ಒಳ್ಳೆಯ ಸುದ್ದಿ ಸಿಕ್ಕಿದಾಗ ಹಂಚದೆ ಹೇಗಿರುತ್ತಾರೆ? ಆದರೆ ನನ್ನೊಳಗೆ ಆ ದಿನ ಬಹಳ ಕಾಲದ ಮೇಲೆ ಒಂದು ಭಾವನೆ ಹುಟ್ಟಿತು, ಅದು ಭಯ. ಅಲ್ಲಿಯತನಕ ಗುಣವಾಗದಿದ್ದರೆ ಅದು ಕಾಯಿಲೆಯ ತಪ್ಪಾಗಿತ್ತು. ಇನ್ನು ಮುಂದೆ?

ಚಿಕಿತ್ಸೆ ಶುರುವಾಯಿತು. ವಾರದಲ್ಲಿ ಭಾನುವಾರ, ಶನಿವಾರ ಬಿಟ್ಟು ದಿನಾ ಹೋಗಬೇಕು. ಮೊದಲ ದಿನ ಕ್ಲಿನಿಕ್ಕಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದು, ನೀವೂ ಭದ್ರಾವತಿಯವರಂತೆ, ನಮ್ಮ ಯಜಮಾನರೂ ದಿನಾ ಬರಬೇಕು, ನನಗೆ ಮಂಡಿನೋವು, ಜೊತೆಯಲ್ಲಿ ಕರೆದುಕೊಂಡು ಹೋಗಿ ಬರುತ್ತೀರಾ ಎಂದು ಕೇಳಿದರು. ಪಕ್ಕದಲ್ಲಿ ಎತ್ತರದ, ಬಾಗಿದ ಬೆನ್ನಿನ ಗಂಡಸು ಚಪ್ಪಲಿ ನೋಡಿಕೊಂಡು ಕೂತಿದ್ದರು. ಆರ್ಮುಗಣ್ಣ. ನಮ್ಮೂರಿನ ನ್ಯೂಟೌನಿನವರು, ಮನೆಮಾತು ತಮಿಳು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ರಿಟೈರ್ ಆದವರು. ನನ್ನನ್ನೇ ಯಾರಾದರೂ ಕರೆದುಕೊಂಡು ಬರಬೇಕಾದ ಹೊತ್ತಿನಲ್ಲಿ ಇನ್ನೊಬ್ಬರನ್ನು ನನಗೆ ಒಪ್ಪಿಸಿದರು. ಆಮೇಲೆ ಗೊತ್ತಾಯಿತು, ನನ್ನನ್ನು ನೋಡಿಕೊಳ್ಳಿ ಎಂದು ನಮ್ಮನೆಯವರು ಆರ್ಮುಗಣ್ಣನಿಗೂ ಹೇಳಿದ್ದರಂತೆ.

ಹೀಗೆ ನಾವಿಬ್ಬರು ಒಂದೇ ಬಸ್ಸಿನಲ್ಲಿ ಹೋಗತೊಡಗಿದೆವು. ಮೊದಲ ವಾರ ಮಾತೇ ಇಲ್ಲ. ತುಂಗೆಯ ಸೇತುವೆ ದಾಟುವಾಗ ಅವರು ಎದ್ದು ನಿಲ್ಲುತ್ತಿದ್ದರು, ನಾನೂ ಎದ್ದು ನಿಲ್ಲುತ್ತಿದ್ದೆ. ಅಲ್ಲಿಂದ ಆಟೋ.

ಮೊದಲ ದಿನ ಬಡಿತ ಎಷ್ಟು ಜೋರಿರಬೇಕು ಎಂದು ಗೊತ್ತುಮಾಡಲು ರೇಷ್ಮಾ ಸುರುಳಿಯನ್ನು ತಲೆಯ ಮೇಲೆ ಅಲ್ಲಿಲ್ಲಿ ಸರಿಸಿ ಒತ್ತುತ್ತಿದ್ದಳು. ಒಂದು ಜಾಗಕ್ಕೆ ಬಂದಾಗ ನನ್ನ ಬಲಗೈ ಹೆಬ್ಬೆರಳು ತಾನಾಗಿ ಎಗರಿತು. ನಾನು ಎಗರಿಸಿರಲಿಲ್ಲ. ಇನ್ನೊಮ್ಮೆ ಎಗರಿತು. ಬೆರಳು ನನ್ನದೇ, ಎಗರಿಸಿದ್ದು ಬೇರೆ ಯಾರೋ. ಅದಾದ ಮೇಲೆ ದಿನವೂ ಅದೇ: ಕಿವಿಗೆ ಹತ್ತಿ, ಕುರ್ಚಿ, ಹಣೆಯ ಮೇಲೆ ಮರಕುಟಿಗ ಕುಕ್ಕಿದ ಹಾಗೆ ಟಕಟಕಟಕ, ನಡುವೆ ಸ್ವಲ್ಪ ಬಿಡುವು, ಮತ್ತೆ ಟಕಟಕ. ಹುಬ್ಬು ಅದುರುತ್ತಿತ್ತು. ಮುಗಿದ ಮೇಲೆ ನೆತ್ತಿಯ ಚರ್ಮ ಉರಿಯುತ್ತಿತ್ತು. ಸಹಿಸಲಾಗದ್ದೇನಲ್ಲ.

ಎರಡನೆಯ ವಾರದಲ್ಲಿ ಆರ್ಮುಗಣ್ಣ ಮಾತಾಡಿದರು. ಅವರಿಗೂ ಟೋಪಿ ಹಾಕಿದ್ದರು. ಅವರ ಮಗ ಫಲಿತಾಂಶ ಕೇಳಿದ್ದ. ಅದು ಇನ್ನೊಂದು ಕಡೆಗೆ ವಾಲಿತ್ತು. ಹಾಗಾದರೆ ಸುಮ್ಮನೆ ಯಾಕೆ ಓಡಾಟ ಎಂದು ಮಗ ಹೇಳಿದನಂತೆ. ಮತ್ತೆ ನೀವು ಯಾಕೆ ಬಂದಿರಿ ಅಣ್ಣ ಎಂದು ಕೇಳಿದೆ. “ಬೇಡ ಅಂತ ಹೇಳೋಕೂ ಸ್ವಲ್ಪ ಶಕ್ತಿ ಬೇಕಲ್ಲಮ್ಮಾ. ಅದಿರಲಿಲ್ಲ, ಬಂದೆ,” ಎಂದರು. ಅದು ನನ್ನ ಉತ್ತರವೂ ಆಗಿತ್ತು. ಆವತ್ತಿನಿಂದ ನಾವು ಅಕ್ಕಪಕ್ಕದ ಸೀಟಿನಲ್ಲಿ ಕೂತೆವು.

ಆಮೇಲೆ ಒಂದು ದಿನ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಅವರು ನಡೆಯುತ್ತಿದ್ದವರು ನಿಂತುಬಿಟ್ಟರು. ಏನಾಯಿತೋ ಎಂದು ಹೆದರಿ ನೋಡಿದೆ. ಹೋಟೆಲಿನ ಕಡೆ ಮುಖ ಮಾಡಿ, ಉದ್ದಿನ ವಡೆ ವಾಸನೆ ಬರುತ್ತಿದೆ ಎಂದರು. ಒಳಗೆ ಕರೆದುಕೊಂಡು ಹೋಗಿ ಎರಡು ವಡೆ ತರಿಸಿದರು. ತಮ್ಮದನ್ನು ತಿಂದು ಮುಗಿಸಿ ಬೆರಳಿಗೆ ಅಂಟಿದ ಚಟ್ನಿಯನ್ನೂ ನೆಕ್ಕಿದರು. ನನ್ನ ಬಾಯಿಗೆ ಅದು ಹತ್ತಿಯ ಹಾಗಿತ್ತು. ಅವರ ಕಣ್ಣಲ್ಲಿ ಸಂತೋಷವಿರಲಿಲ್ಲ, ಕಳ್ಳತನ ಮಾಡಿ ಸಿಕ್ಕಿಬಿದ್ದವರ ನೋಟವಿತ್ತು.

“ನಂಗೆ ಆಗಲ್ಲ ಅಂತ ಕಂಪ್ಯೂಟರ್ ಹೇಳಿದೆ. ಆದ್ರೆ ಆಗ್ತಿದೆ,” ಎಂದರು. “ಇದು ನಿಜವೋ, ಇಲ್ಲಾ ನನ್ನ ಭ್ರಮೆಯೋ ಗೊತ್ತಾಗ್ತಿಲ್ಲಮ್ಮಾ. ನಾಳೆ ಹೊರಟುಹೋದ್ರೆ? ಮನೇಲಿ ಹೇಳಿಲ್ಲ. ನೀನೂ ಹೇಳ್ಬೇಡ.”

ಹೇಳಲಿಲ್ಲ. ಅವರು ಮನೆಯಲ್ಲಿ ಮೊದಲಿನಂತೆಯೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರಂತೆ, ಸುಳ್ಳುಸುಳ್ಳೇ. ನಾನು ನಮ್ಮ ಮನೆಯಲ್ಲಿ ಹೇಗಿದ್ದೀಯ ಎಂದರೆ ಪರವಾಗಿಲ್ಲ ಎನ್ನುತ್ತಿದ್ದೆ. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಒಬ್ಬರು ವಾಸಿಯಾದದ್ದನ್ನು ಮುಚ್ಚಿಟ್ಟುಕೊಂಡು, ಇನ್ನೊಬ್ಬರು ವಾಸಿಯಾಗದ್ದನ್ನು ಮುಚ್ಚಿಟ್ಟುಕೊಂಡು ಹೋಗುತ್ತಿದ್ದೆವು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಬರಬೇಕಿತ್ತು. ಅದೂ ಬರಲಿಲ್ಲ.

ಚಿಕಿತ್ಸೆ ಮುಗಿಸಿ ನಾನು ಸರ್ವಮಂಗಳಕ್ಕನ ಮನೆಯಲ್ಲಿ ಊಟ ಮಾಡಿ, ಬಿಸಿಲು ತಗ್ಗಿದ ಮೇಲೆ ಊರಿಗೆ ಹೊರಡುತ್ತಿದ್ದೆ. ಆರ್ಮುಗಣ್ಣ ಅಷ್ಟರತನಕ ಪಾರ್ಕಿನಲ್ಲಿ ಕಾಯುತ್ತಿದ್ದರು. ಅಕ್ಕ ಉರಿಯುವ ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಕೆಲವು ದಿನ ರಾಗಿಗುಡ್ಡದ ಕಡೆ ಸುಮ್ಮನೆ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಅವರ ಕೈಯಲ್ಲಿ ಪ್ರೀತಿ ಇತ್ತು. ಬಾಯಲ್ಲಿ ಮಾತ್ರ ಒಂದೇ ಮಾತು.

“ಮಿಷನ್ನೇ ಆಗುತ್ತೆ ಅಂತ ಹೇಳಿದ್ಮೇಲೆ ಉಳಿದಿದ್ದು ನಿನ್ನ ಕೈಲಿದೆ ಕಣೆ ಶೈಲಾ. ನೀನೇ ಎಲ್ಲೋ ಹಿಡ್ಕೊಂಡಿದೀಯ, ಬಿಟ್ಬಿಡು ಮಾರಾಯ್ತಿ.”

ನಾನು ನಂಬಿದೆ. ಕುರ್ಚಿಯಲ್ಲಿ ಒರಗಿ ಟಕಟಕ ಶುರುವಾದ ಕೂಡಲೇ ಬಿಡು, ಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಏನನ್ನು ಬಿಡಬೇಕೆಂದು ಗೊತ್ತಿರಲಿಲ್ಲ. ಟೋಪಿ ನನ್ನ ತಲೆಯೊಳಗೆ ಏನನ್ನೋ ನೋಡಿ ಇವಳಿಗೆ ಆಗುತ್ತದೆ ಎಂದಿದೆ. ಅದನ್ನು ಆಗಗೊಡದೆ ಇರುವವಳು ನಾನೇ ಇರಬೇಕು. ಯಾವ ಮಾತ್ರೆಯೂ ನನ್ನನ್ನು ಅಷ್ಟು ಕೆಳಗೆ ತಳ್ಳಿರಲಿಲ್ಲ. ಕಾಯಿಲೆಯ ಮೇಲೆ ಈಗ ಅಪರಾಧವೂ ಸೇರಿಕೊಂಡಿತು.

ಅತ್ತ ನಮ್ಮನೆಯವರು ನನ್ನ ಮುಖದಲ್ಲಿ ಕಳೆ ಬಂದಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಗುಣವಾದರೆ ಜಂಗಮರಿಗೆ ಊಟ ಹಾಕಿಸುತ್ತೇನೆಂದು ಹರಕೆ ಹೊತ್ತಿದ್ದರು. ಚಿಕಿತ್ಸೆ ಮುಗಿಯುವ ವಾರ ಬಂದಾಗ ಆ ಊಟಕ್ಕೆ ದಿನವನ್ನೂ ಗೊತ್ತುಮಾಡಿ, ಸ್ವಾಮಿಗಳಿಗೆ ಹೇಳಿ ಬಂದರು. ಹೋಳಿಗೆಗೆ ಬೇಳೆ ಕೂಡ ತಂದಿಟ್ಟಾಗಿತ್ತು.

ಕೊನೆಯ ವಾರದಲ್ಲಿ ಡಾಕ್ಟರು ಎಲ್ಲ ವಿಚಾರಿಸಲು ಕೋಣೆಗೆ ಕರೆದರು. ನಮ್ಮನೆಯವರೂ ಸರ್ವಮಂಗಳಕ್ಕನೂ ನನ್ನ ಎರಡು ಪಕ್ಕಕ್ಕೆ ಕೂತರು. ನಿದ್ದೆ ಹೇಗಿದೆ, ಹಸಿವು ಹೇಗಿದೆ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು, ಎಷ್ಟೋ ವಾಸಿ ಡಾಕ್ಟ್ರೇ, ನಿನ್ನೆ ತಾನಾಗಿ ಎದ್ದು ಕಾಫಿ ಮಾಡಿದಳು ಎಂದರು. ಕಾಫಿ ಮಾಡಿದ್ದು ನಿಜ. ಯಾಕೆ ಮಾಡಿದೆನೆಂದರೆ ಅವರು ನೋಡಲಿ ಎಂದು.

ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ಹೇಳಿ, ಶೈಲಜಾ ಅವ್ರೇ.”

ಹೌದು ಎಂದರೆ ಸಾಕಿತ್ತು. ನಮ್ಮನೆಯವರ ಮಾತು ಉಳಿಯುತ್ತಿತ್ತು, ಹೋಳಿಗೆ ಊಟ ನಡೆಯುತ್ತಿತ್ತು, ಟೋಪಿಯ ಅಂದಾಜೂ ಸರಿಹೋಗುತ್ತಿತ್ತು. ಹೌದು ಎನ್ನಲು ಬಾಯಿ ತೆರೆದೂ ಆಗಿತ್ತು. ಆದರೆ ಹಾಗೆಂದು ಮನೆಗೆ ಹೋದ ಮೇಲೆ ಆ ಸುಳ್ಳಿನೊಳಗೆ ದಿನಾ ಎದ್ದು ಕಾಫಿ ಮಾಡಬೇಕಲ್ಲ. ಆಗುವುದಿಲ್ಲ ಎಂದು ಗೊತ್ತಾಯಿತು. ಧೈರ್ಯ ಅಂತ ಅಲ್ಲ, ಅಷ್ಟು ಶಕ್ತಿ ನನ್ನಲ್ಲಿರಲಿಲ್ಲ.

“ನಂಗೆ ಏನೂ ಆಗಿಲ್ಲ ಡಾಕ್ಟ್ರೇ,” ಎಂದೆ. “ಎಲ್ಲ ಹಾಗೇ ಇದೆ. ಎಲ್ಲರೂ ಕಾಯ್ತಾ ಇದಾರೆ ಅಂತ ಪರವಾಗಿಲ್ಲ ಅಂತಿದ್ದೆ.”

ಪಕ್ಕದ ಕೋಣೆಯಿಂದ ಟಕಟಕ ಕೇಳುತ್ತಿತ್ತು. ನಮ್ಮನೆಯವರು ಮೆಲ್ಲಗೆ, “ಟೆಸ್ಟಲ್ಲಿ ಆಗುತ್ತೆ ಅಂತ ಬಂದಿತ್ತಲ್ಲ ಸರ್,” ಎಂದರು. ಜಗಳದ ದನಿಯಲ್ಲ ಅದು. ದಾರಿ ತಪ್ಪಿದವರು ವಿಳಾಸ ಕೇಳುವ ದನಿ.

“ಬಂದಿತ್ತು. ಟೆಸ್ಟ್ ತಪ್ಪಿದೆ,” ಎಂದರು ಡಾಕ್ಟರು. “ಟೆಸ್ಟ್ ತಪ್ಪಿದೆ, ಇವರಲ್ಲ. ಇದನ್ನ ಇವರು ಹೇಳದೇ ಇದ್ದಿದ್ರೆ ಅದು ತಪ್ಪಿದ್ದು ನಮಗೆ ಗೊತ್ತೇ ಆಗ್ತಿರಲಿಲ್ಲ.” ಆಮೇಲೆ, ಅಷ್ಟು ಬೇಗ ಫಲಿತಾಂಶ ತಾನು ಹೇಳಬಾರದಿತ್ತು ಎಂದೂ ಅಂದರು. ಮಾತ್ರೆಯೊಂದನ್ನು ಹೊಸದಾಗಿ ಸೇರಿಸಿದರು. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕಾಗುತ್ತದೆ ಎಂದರು. ಬೆಳಿಗ್ಗೆ ಏಳದಿದ್ದರೆ ಚೆನ್ನಾಗಿತ್ತು ಎಂಬ ಯೋಚನೆ ಈಗಲೂ ಬರುತ್ತಿದೆಯಾ ಎಂದು ನೇರವಾಗಿ ಕೇಳಿದರು. ಬರುತ್ತಿದೆ ಎಂದು ನಾನು ಮೊದಲ ಸಲ ಗಂಡನ ಎದುರು ಹೇಳಿದೆ. ಸರ್ವಮಂಗಳಕ್ಕ ನನ್ನ ಕೈ ಹಿಡಿದುಕೊಂಡರು. ಬಿಟ್ಬಿಡು ಎಂಬ ಮಾತನ್ನು ಅವರು ಮತ್ತೆ ಯಾವತ್ತೂ ಆಡಲಿಲ್ಲ.

ಬಸ್ಸಿನಲ್ಲಿ ನಮ್ಮನೆಯವರು ಕಿಟಕಿಯಾಚೆ ನೋಡುತ್ತಿದ್ದರು. ಭದ್ರಾವತಿ ಹತ್ತಿರ ಬಂದಾಗ, ಎಲ್ಲರಿಗೂ ಹೇಳಿಕೊಂಡು ಬರಬಾರದಿತ್ತು ಎಂದಷ್ಟೇ ಅಂದರು. ಜಂಗಮರ ಊಟ ನಿಲ್ಲಿಸುತ್ತೀರಾ ಎಂದು ಕೇಳಿದೆ. “ಯಾಕೆ ನಿಲ್ಲಿಸ್ಲಿ? ಗುಣ ಆಯ್ತು ಅಂತ ಹಾಕೋದನ್ನ ಗುಣ ಆಗ್ಲಿ ಅಂತ ಹಾಕ್ತೀನಿ,” ಎಂದರು. ಹಾಗೇ ಮಾಡಿದರು. ಆ ದಿನ ನಡುಮನೆಯಲ್ಲಿ ಪಂಕ್ತಿ ಕೂತಿತ್ತು, ಹೋಳಿಗೆಯ ವಾಸನೆ ಇತ್ತಂತೆ. ನಾನು ಒಳಕೋಣೆಯಲ್ಲಿ ಮಲಗಿ ನಿದ್ದೆ ಹೋದೆ. ಎದ್ದು ಬಂದು ನಮಸ್ಕಾರ ಮಾಡು ಎಂದು ಯಾರೂ ಎಬ್ಬಿಸಲಿಲ್ಲ. ದೀಪ್ತಿ ಬಾಗಿಲಲ್ಲಿ ಕೂತು ಓದುತ್ತಿದ್ದಳು, ಒಳಗೆ ಬರುವವರನ್ನು ತಡೆಯಲು. ಆ ನಿದ್ದೆಯನ್ನು ನಾನು ಮರೆತಿಲ್ಲ.

ಮುಂದಿನದನ್ನು ಹೇಗೆ ಬರೆಯಬೇಕೆಂದು ನನಗೆ ತಿಳಿಯದು. ಮಳೆಗಾಲ ಪೂರ್ತಿ ಹಾಗೇ ಇತ್ತು. ಮಾತ್ರೆ ತೆಗೆದುಕೊಂಡೆ, ರಕ್ತ ಕೊಟ್ಟು ಬಂದೆ, ಬೆಳಗಿನ ಹೊತ್ತು ಗಿರಣಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಒಂದು ಬೆಳಿಗ್ಗೆ ಪರಿಚಯದ ಹುಡುಗಿಯೊಬ್ಬಳು ಅಕ್ಕಿ ತಂದಳು. ಕೈ ಹಾಕಿದರೆ ಒದ್ದೆ. ತೊಳೆದ ಅಕ್ಕಿಯನ್ನು ನೆರಳಲ್ಲಿ ಸರಿಯಾಗಿ ಆರಿಸದೆ ಹಾಗೇ ತಂದಿದ್ದಳು. ಒದ್ದೆ ಅಕ್ಕಿ ಹಾಕಿದರೆ ಹಿಟ್ಟು ಕಲ್ಲಿಗೆ ಮೆತ್ತಿಕೊಂಡು ದಿನವೆಲ್ಲ ಕೆರೆಯಬೇಕಾಗುತ್ತದೆ. ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. ಇದನ್ನು ಹಾಕಿದರೆ ನನ್ನ ಕಲ್ಲಿನ ಗತಿ ಏನು, ಬಟ್ಟೆ ಮೇಲೆ ಹರವಿ ಆರಿಸಿ ತರಬೇಕು ಎಂದು ನಿನ್ನಮ್ಮ ಹೇಳಿಲ್ಲವಾ ಎಂದು ಚೆನ್ನಾಗಿ ಬೈದೆ. ಹುಡುಗಿ ಕಕ್ಕಾಬಿಕ್ಕಿಯಾದಳು. ಹಿಂದಿನಿಂದ ಸದ್ದಾಯಿತು. ತಿರುಗಿ ನೋಡಿದರೆ ನಮ್ಮನೆಯವರು ಚೀಲ ಹೊತ್ತುಕೊಂಡವರು ಅದನ್ನು ಇಳಿಸದೆ ಹಾಗೇ ನಿಂತು ನನ್ನನ್ನು ನೋಡುತ್ತಿದ್ದರು. ಕಣ್ಣು ತುಂಬಿತ್ತು. ನನ್ನ ಕಲ್ಲು ಎಂದು ನಾನು ಹೇಳಿ ಎಷ್ಟು ಕಾಲವಾಗಿತ್ತೋ.

ಅಲ್ಲಿಂದ ಒಂದೊಂದಾಗಿ ಬಂದವು. ಸಿಟ್ಟಿನ ಹಿಂದೆ ಹಸಿವು ಬಂತು, ಹಸಿವಿನ ಹಿಂದೆ ಅಳು. ದೀಪ್ತಿಯ ಮಾತು ಗೋಡೆಯ ಈಚೆಗೆ ಬಂತು. ಆದರೆ ತಂದದ್ದು ಯಾವುದು? ಹೊಸ ಮಾತ್ರೆಯೋ? ಮ್ಯಾಗ್ನೆಟ್ಟೇ ನಿಧಾನವಾಗಿ ಹಿಡಿಯಿತೋ? ಹಾಗಾದರೆ ಟೋಪಿ ಹೇಳಿದ್ದು ನಿಜವೇ ಆಯಿತೋ? ಅಥವಾ ಸುಳ್ಳು ಹೇಳಿ ಕಾಫಿ ಮಾಡಬೇಕಾಗಿಲ್ಲ ಎಂದಾದ ಮೇಲೆ ಸಿಕ್ಕ ನಿದ್ದೆಯೋ? ಡಾಕ್ಟರನ್ನು ಕೇಳಿದೆ. ಖಂಡಿತವಾಗಿ ಹೇಳಲು ತನಗೂ ಬರುವುದಿಲ್ಲ ಎಂದರು. ನಮ್ಮನೆಯವರು ಈ ಸಲ ಯಾರಿಗೂ ಫೋನ್ ಮಾಡಲಿಲ್ಲ.

ಪೂರ್ತಿ ಗುಣವಾಗಿದೆ ಎಂದು ನಾನೂ ಹೇಳುವುದಿಲ್ಲ. ಕೆಲವು ಬೆಳಗುಗಳು ಈಗಲೂ ಭಾರ. ಆದರೆ ಏಳುತ್ತೇನೆ. ಹಾಗೆ ಭಾರವಾದಾಗ ಮನೆಯಲ್ಲಿ ಹೇಳುತ್ತೇನೆ.

ಹೋದ ವರ್ಷ ಚಳಿಗಾಲದಲ್ಲಿ ಆರ್ಮುಗಣ್ಣನ ಹೆಂಡತಿ ಗಿರಣಿಗೆ ಬಂದರು, ಹಿಟ್ಟಿಗಲ್ಲ. ಆರ್ಮುಗಣ್ಣ ಬಹಳ ಕಾಲ ಚೆನ್ನಾಗಿದ್ದರು. ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುತ್ತಿದ್ದರು, ವಾಸಿಯಾದದ್ದನ್ನು ಕೊನೆಗೂ ಮನೆಯಲ್ಲಿ ಒಪ್ಪಿಕೊಂಡಿದ್ದರು. ಈಗ ಮತ್ತೆ ಗೋಡೆಗೆ ಮುಖ ಮಾಡಿದ್ದಾರಂತೆ, ಈ ಸಲ ನಿಜವಾಗಿ. ಡಾಕ್ಟರು ಮತ್ತೊಮ್ಮೆ ಮ್ಯಾಗ್ನೆಟ್ ಕೊಡೋಣ ಎಂದಿದ್ದಾರಂತೆ, ಇವರು ಒಪ್ಪುತ್ತಿಲ್ಲವಂತೆ. ನಾನು ನ್ಯೂಟೌನಿಗೆ ಹೋದೆ. ಮಂಚದ ಪಕ್ಕ ಕೂತೆ. ಅವರು ಗೋಡೆಯ ಕಡೆಗೇ ನೋಡುತ್ತ, “ಕಂಪ್ಯೂಟರ್ ಅವತ್ತೇ ಸರಿಯಾಗಿ ಹೇಳಿತ್ತು ಅಲ್ವಾಮ್ಮಾ?” ಎಂದರು.

ಇಲ್ಲ ಅಣ್ಣ ಎಂದು ಹೇಳಿಬಿಡಬಹುದಿತ್ತು. ನನಗೆ ಗೊತ್ತಿರಲಿಲ್ಲವಾದ್ದರಿಂದ ಹೇಳಲಿಲ್ಲ. “ನೀವು ಆ ವಡೆ ತಿಂದಿದ್ದನ್ನ ನಾನು ಪಕ್ಕದಲ್ಲೇ ಕೂತು ನೋಡಿದೀನಿ,” ಎಂದೆ. “ಅದಂತೂ ಸುಳ್ಳಲ್ಲ. ನಾಳೆ ಬಸ್ಸಿಗೆ ನಾನೂ ಬರ್ತೀನಿ.”

ಮರುದಿನ ಇಬ್ಬರೂ ಹೋದೆವು. ಡಾಕ್ಟರು ಟೋಪಿಯ ವಿಚಾರ ಮತ್ತೆ ಹೇಳಿದರು: ಆ ಸಂಶೋಧನೆ ಇನ್ನೂ ನಡೆಯುತ್ತಿದೆ, ಒಪ್ಪಿದರೆ ಈ ಸಲವೂ ಅಲೆ ತೆಗೆಯಬಹುದು, ಬೇಡವೆಂದರೂ ಚಿಕಿತ್ಸೆಗೆ ತೊಂದರೆ ಇಲ್ಲ. ಆರ್ಮುಗಣ್ಣ ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ, ಅವರೇ ಹೇಳಲಿ ಎಂದು. ಅವರು ಚಪ್ಪಲಿಯ ಕಡೆಗೊಮ್ಮೆ ನೋಡಿಕೊಂಡು, “ತಗೊಳ್ಳಿ ಸಾರ್, ಯಾರಿಗಾದ್ರೂ ಉಪಯೋಗ ಆಗ್ಲಿ,” ಎಂದರು. “ಏನು ಬಂತು ಅಂತ ನನಗೆ ಹೇಳ್ಬೇಡಿ. ನಮ್ಮ ಹುಡುಗನಿಗೂ ಹೇಳ್ಬೇಡಿ.”

ಹೇಳುವುದಿಲ್ಲ ಎಂದು ಡಾಕ್ಟರು ಮಾತು ಕೊಟ್ಟರು.

ರೇಷ್ಮಾ ಅವರನ್ನು ಒಳಗೆ ಕರೆದುಕೊಂಡು ಹೋದಳು. ಸ್ವಲ್ಪ ದಿನದಲ್ಲಿ ಬಡಿತಗಳು ಶುರುವಾದವು, ನಾನು ದಿನಾ ಹೊರಗಿನ ಕೋಣೆಯಲ್ಲಿ ಕೂರುತ್ತಿದ್ದೆ. ಒಮ್ಮೆ ಹೊಸದಾಗಿ ಬಂದ ಹೆಂಗಸೊಬ್ಬರು, ಗಂಡನನ್ನೋ ಅಣ್ಣನನ್ನೋ ಕರೆತಂದವರು, ಟಿವಿಯಿಂದ ಕಣ್ಣು ತೆಗೆದು ನನ್ನ ಕಡೆ ವಾಲಿ, ಒಳಗಿರುವವರು ನಿಮ್ಮ ಮನೆಯವರಾ ಎಂದು ಕೇಳಿದರು. ಅಲ್ಲ, ನಮ್ಮೂರಿನವರು ಎಂದೆ.

“ಇದರಿಂದ ಗುಣ ಆಗುತ್ತಂತಾ?”

ಬಾಗಿಲಿನ ಆಚೆಯಿಂದ ಟಕಟಕ ಕೇಳುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು.

“ಗೊತ್ತಿಲ್ಲ ಕಣಮ್ಮ,” ಎಂದೆ. “ಮುಗಿಯೋವರೆಗೂ ನಾನು ಇಲ್ಲೇ ಕೂತಿರ್ತೀನಿ.”

ಆಕೆ ತಮ್ಮ ಬ್ಯಾಗನ್ನು ಎತ್ತಿಕೊಂಡು ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು.